ಮದ್ದೆಂದು ಯಾರು ಹೆಸರಿಟ್ಟರು?

ಹಲಸಿನ ಹಣ್ಣಿನ ಗಟ್ಟಿಗೆ ಬಾಳೆಲೆಗಿಂತ ಸಾಗುವಾನಿ ಎಲೆಯೇ ಚಂದ. ಬೆಂದು ಬಿಡಿಸುವಾಗ ಗಟ್ಟಿಯ ಮೈಗೆ ಒಂದು ನಸುಗೆಂಪು ಬಂದಿರುತ್ತದೆ, ಹಬೆಯ ಜೊತೆಗೆ ಎಲೆಯ ಘಮವೂ ಏಳುತ್ತದೆ. ಇದನ್ನು ಉಡುಪಿ, ಕಾರ್ಕಳ ಕಡೆಯ ಹೆಂಗಸರಿಗೆ ನಾನು ಹೇಳಿಕೊಡಬೇಕಾಗಿಲ್ಲ. ಹೇಳಬೇಕಾದದ್ದು ಎಲೆ ಸಿಗದೆ ಹೋದ ಕತೆ.

ಮಳೆ ಹಿಡಿದು ಹದಿನೈದು ದಿನ ಆಗಿತ್ತಷ್ಟೆ. ಆ ವರ್ಷದ ಕೊನೆಯ ಹಲಸಿನ ಹಣ್ಣು ಅಡಿಗೆಮನೆಯಲ್ಲಿ ಘಮಘಮಿಸುತ್ತಿತ್ತು. ಅಕ್ಕಿ ನೆನೆಹಾಕಿ, ಕತ್ತಿ ಹಿಡಿದುಕೊಂಡು ಹಿತ್ತಿಲಿನಾಚೆಯ ಸಾಗುವಾನಿ ತೋಪಿಗೆ ಹೋದೆ. ನೋಡಿದರೆ ಒಂದು ಮರದಲ್ಲೂ ಎಲೆ ಎನ್ನುವಂಥ ಎಲೆ ಇಲ್ಲ. ನಡುವಿನ ದಪ್ಪ ನರ, ಅದರಿಂದ ಹೊರಟ ನಾಲ್ಕು ಕಡ್ಡಿ, ಅಷ್ಟೆ. ಗಾಳಿಗೆ ಬಟ್ಟೆ ಹಾರಿಹೋಗಿ ಕಡ್ಡಿ ಮಾತ್ರ ಉಳಿದ ಕೊಡೆಗಳನ್ನು ಯಾರೋ ಸಾಲಾಗಿ ನೆಟ್ಟಹಾಗೆ. ಮಳೆ ಬಿಟ್ಟಿದ್ದರೂ ತೋಪಿನೊಳಗೆ ಸಣ್ಣ ಮಳೆ ಹನಿಯುವ ಸದ್ದು. ಅದು ಮಳೆಯಲ್ಲ, ಸಾವಿರಾರು ಹುಳಗಳ ಹಿಕ್ಕೆ ತರಗೆಲೆಯ ಮೇಲೆ ಉದುರುವ ಸದ್ದು. ಮೇಲಿನಿಂದ ನೂಲಿನಲ್ಲಿ ಜೋತುಕೊಂಡು ಬಂದ ಒಂದು ಕಪ್ಪು ಹುಳ ನನ್ನ ಕುತ್ತಿಗೆಯ ಮೇಲೆ ಇಳಿಯಿತು. ನಾನೂ ಎಲ್ಲರಂತೆಯೇ ಕಿರುಚಿದೆ ಎನ್ನುವುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಹುಳವನ್ನು ಕಂಡರೆ ನನಗೆ ಪ್ರೀತಿ ಉಕ್ಕಿ ಬರುವುದಿಲ್ಲ.

ಸಂಜೆಗೆ ತೋಪು ನೋಡಿಕೊಳ್ಳುವ ಹುಡುಗ ಅಂಗಳಕ್ಕೆ ಬಂದ. ತೋಪು ಅವನದಲ್ಲ, ಮುಂಬಯಿಯಲ್ಲಿ ಹೊಟೇಲು ನಡೆಸುವ ಧಣಿಗಳದ್ದು.

"ಅಕ್ಕ, ನಾಡಿದ್ದು ನಿಮ್ಮ ಬಾವಿಗೆ ಒಂದು ಟರ್ಪಾಲು ಹಾಕಿ ಮುಚ್ಚಿ ಆಯ್ತಾ. ಸಾಗುವಾನಿಗೆ ಮದ್ದು ಬಿಡ್ಲಿಕ್ಕುಂಟು. ಬಟ್ಟೆ ಕೂಡ ಹೊರಗೆ ಒಣಗಿಸ್ಬೇಡಿ."

"ಎಂತ ಮದ್ದು?"

"ಹುಳದ ಮದ್ದು ಅಕ್ಕ. ಅಂಗಡಿಯವರು ಕೊಟ್ಟದ್ದು. ಒಂದೇ ಸಲಕ್ಕೆ ಪೂರಾ ಖಾಲಿ ಆಗ್ತದಂತೆ."

"ಹುಳ ಖಾಲಿ ಆಗುವ ಮದ್ದಾದರೆ ನನ್ನ ಬಾವಿ ಯಾಕೆ ಮುಚ್ಚಬೇಕು ಮಾರಾಯ?"

ಅವನು ನಕ್ಕ. "ಅದು ಸ್ವಲ್ಪ ವಿಷ ಅಲ್ವಾ ಅಕ್ಕ" ಎಂದ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹುಳದ್ದಕ್ಕಿಂತ ಹೆಚ್ಚಾಗಿ ಆ ಮಾತಿನ ಚಿಂತೆ. ಮದ್ದು! ಮಗುವಿನ ಹೊಟ್ಟೆನೋವಿಗೆ ಬಜೆ ತೇದು ನೆಕ್ಕಿಸುವುದು ಮದ್ದು. ಹೆತ್ತ ಹೆಂಗಸಿಗೆ ನಲವತ್ತು ದಿನ ಕಾಳುಮೆಣಸು, ಶುಂಠಿ, ಬೆಲ್ಲ ಹಾಕಿ ಮಾಡಿ ಕೊಡುವುದು ಬಾಣಂತಿ ಮದ್ದು. ಅದೇ ಬಾಯಲ್ಲಿ ನಾವು ಕೆಂಪು ಗುರುತಿನ ಬಾಟಲಿಯಲ್ಲಿ ಬರುವ ವಿಷಕ್ಕೂ ಮದ್ದು ಎನ್ನುತ್ತೇವೆ. ತುಳುವಿನಲ್ಲೂ ಹಾಗೆಯೇ, ಅದಕ್ಕೂ ಮರ್ದ್, ಇದಕ್ಕೂ ಮರ್ದ್. ಸಿಂಪಡಿಸುತ್ತಾರೆ ಎನ್ನುವುದೂ ಇಲ್ಲ, "ಬಿಡುತ್ತಾರೆ" ಎನ್ನುತ್ತೇವೆ, ದೇವರಿಗೆ ಹೂವು ಬಿಟ್ಟ ಹಾಗೆ. ಹೆಸರು ಒಳ್ಳೆಯದಾದರೆ ಅರ್ಧ ಕೆಲಸ ಆಯಿತು. "ಬಾವಿಯ ಪಕ್ಕ ವಿಷ ಹೊಯ್ಯಲಿಕ್ಕುಂಟು ಅಕ್ಕ" ಎಂದು ಆ ಹುಡುಗ ಹೇಳಿದ್ದರೆ ನಾನು ಮಾತ್ರವಲ್ಲ, ಇಡೀ ಕೇರಿಯೇ ಅಂಗಳಕ್ಕಿಳಿಯುತ್ತಿತ್ತು. ಮದ್ದು ಎಂದದ್ದರಿಂದ ಎಲ್ಲರೂ ಟರ್ಪಾಲು ಹುಡುಕಲು ಹೊರಟರು.

ಹಾಗಾದರೆ ಅಡಿಕೆಗೆ ಬಿಡುವ ಮೈಲುತುತ್ತು ಏನು ಎಂದು ನೀವು ಕೇಳಬಹುದು. ಕೇಳಬೇಕು ಕೂಡ. ನಮ್ಮ ಮನೆಯ ನಾಲ್ಕು ಅಡಿಕೆ ಮರಕ್ಕೂ ಆಟಿಗೆ ಮೊದಲು ಸುಣ್ಣ, ಮೈಲುತುತ್ತು ಕಲಸಿ ಹೊಡೆಸುವವಳು ನಾನು. ಕೊಳೆರೋಗಕ್ಕೆ ಅದು ನಾಟುತ್ತದೆ ಎಂದು ಮೈಸೂರು ಸಂಸ್ಥಾನದಲ್ಲಿ ಕೋಲ್ಮನ್ ಎಂಬ ಕೆನಡಾದ ವಿಜ್ಞಾನಿ ಒಂದು ಶತಮಾನದ ಹಿಂದೆಯೇ ತೋರಿಸಿಕೊಟ್ಟಿದ್ದರು. ಅದು ಬಿಡದಿದ್ದರೆ ಅಡಿಕೆ ಉದುರಿ ಸಂಸಾರವೇ ಉದುರುತ್ತದೆ. ನಾನು ಸಿಂಪಡಿಸುವ ಪಂಪನ್ನೇ ಹೊಳೆಗೆಸೆಯಿರಿ ಎನ್ನುವವಳಲ್ಲ. ಕೇಳುವುದು ಇಷ್ಟೆ. ಯಾವ ರೋಗಕ್ಕೆ, ಯಾವಾಗ, ಯಾರ ಲಾಭಕ್ಕೆ, ಯಾರ ಬಾವಿಯ ಮೇಲೆ?

ಸಾಗುವಾನಿಗೆ ಬಂದದ್ದು ರೋಗವೇ ಅಲ್ಲ ಎನ್ನುವುದು ನನ್ನ ಮೊದಲ ತಕರಾರು. ಹುಳ ತಿಂದ ಎಲೆ ಬೇರೆ, ಕಾಯಿಲೆ ಬಿದ್ದ ಮರ ಬೇರೆ. ಈ ಹುಳ ಒಂದು ಸಣ್ಣ ಪತಂಗದ ಮರಿ. ಮುಂಗಾರಿಗೆ ಮೊದಲಿನ ಮಳೆ ಬಿದ್ದು ಸಾಗುವಾನಿ ಚಿಗುರಿದಾಗ ಪತಂಗಗಳ ಹಿಂಡು ಬಂದು ಎಳೆಯ ಎಲೆಯ ಮೇಲೆ ಮೊಟ್ಟೆಯಿಡುತ್ತದೆ. ಮರಿ ಎಲೆಯ ಅಂಚನ್ನು ಮಡಚಿ ನೂಲಿನಲ್ಲಿ ಹೊಲಿದುಕೊಂಡು ಅದರೊಳಗೆ ಕೂತು ತಿನ್ನುತ್ತದೆ. ಎರಡು ವಾರದಲ್ಲಿ ತಿಂದು ಮುಗಿಸಿ, ನೂಲು ಬಿಟ್ಟುಕೊಂಡು ನೆಲಕ್ಕಿಳಿದು ತರಗೆಲೆಯಡಿ ಕೋಶವಾಗುತ್ತದೆ. ಮೊಟ್ಟೆಯಿಂದ ಪತಂಗದವರೆಗೆ ಹೆಚ್ಚುಕಡಿಮೆ ಮೂರು ವಾರದ ಸಂಸಾರ. ಆಮೇಲೆ ಹುಟ್ಟಿದ ಪತಂಗಗಳು ಹೆಚ್ಚಾಗಿ ಅಲ್ಲಿ ನಿಲ್ಲುವುದಿಲ್ಲ, ಬೇರೆ ಚಿಗುರು ಹುಡುಕಿ ಹಾರಿಹೋಗುತ್ತವೆ. ಮರ ಸಾಯುವುದಿಲ್ಲ. ಮತ್ತೆ ಚಿಗುರುತ್ತದೆ.

ಮಳೆಗಾಲದ ಕೊನೆಗೆ ಇನ್ನೊಂದು ಜಾತಿಯ ಹುಳ ಬರುತ್ತದೆ. ಅದು ನರಗಳನ್ನೆಲ್ಲ ಹಾಗೆಯೇ ಬಿಟ್ಟು ಹಸಿರನ್ನು ಮಾತ್ರ ಕೆರೆದು ತಿಂದು, ಎಲೆಯನ್ನು ಕ್ರೋಶಾ ಹಾಕಿದ ಮೇಜುಬಟ್ಟೆಯ ಹಾಗೆ ಮಾಡಿಡುತ್ತದೆ. ರಸ್ತೆಬದಿಯ ಸಾಗುವಾನಿ ಕಂದುಬಣ್ಣಕ್ಕೆ ತಿರುಗಿದ್ದನ್ನು ಬಸ್ಸಿನ ಕಿಟಕಿಯಿಂದ ನೋಡಿ "ಅಯ್ಯೋ, ಮರವೆಲ್ಲ ಒಣಗಿತು" ಎಂದು ಮರುಗುತ್ತೇವಲ್ಲ, ಅದು ಇದರ ಕೆಲಸ. ಕೇರಳದ ಪೀಚಿಯಲ್ಲಿರುವ ಅರಣ್ಯ ಸಂಶೋಧನಾ ಸಂಸ್ಥೆಯವರು ನಿಲಂಬೂರಿನಲ್ಲಿ ಈ ಎರಡೂ ಹುಳಗಳ ಮೇಲೆ ವರ್ಷಗಟ್ಟಲೆ ಲೆಕ್ಕ ಇಟ್ಟರು. ಬ್ರಿಟಿಷರ ಕಾಲದಲ್ಲಿ, 1840ರ ದಶಕದಲ್ಲೇ, ಸಾಗುವಾನಿ ತೋಪು ಎಬ್ಬಿಸಿದ ಊರು ನಿಲಂಬೂರು. ಕಣ್ಣಿಗೆ ಅಷ್ಟು ಭೀಕರವಾಗಿ ಕಾಣುವ ಆ ಕೊನೆಯ ಹುಳದಿಂದ ಮರದ ಬೆಳವಣಿಗೆಗೆ ಹೇಳಿಕೊಳ್ಳುವಂಥ ನಷ್ಟವೇ ಇಲ್ಲ ಎಂದು ಅವರಿಗೆ ಕಂಡುಬಂತು. ಆಗಲೇ ಎಲೆ ಮುದಿಯಾಗಿರುತ್ತದೆ, ಅದರ ಕೆಲಸ ಮುಗಿದಿರುತ್ತದೆ.

ಆದರೆ ಮಳೆಗಾಲದ ಮೊದಲಿನ ಹುಳದ ವಿಷಯದಲ್ಲಿ ಅದೇ ಲೆಕ್ಕ ಧಣಿಗಳ ಪರವಾಗಿದೆ. ಅದನ್ನು ಮುಚ್ಚಿಡುವುದು ಸರಿಯಲ್ಲ. ಎಳೆಯ ತೋಪಿನಲ್ಲಿ ಆ ಹುಳದಿಂದಾಗಿ ಮರ ಕೂಡಿಸಿಕೊಳ್ಳಬಹುದಾಗಿದ್ದ ಬೆಳವಣಿಗೆಯಲ್ಲಿ ಶೇಕಡಾ 44ರಷ್ಟು ಕಡಿತವಾಗುತ್ತದೆ ಎಂದು 1985ರಲ್ಲಿ ಆ ವಿಜ್ಞಾನಿಗಳು ಪ್ರಕಟಿಸಿದರು. ಸಣ್ಣ ನಷ್ಟವಲ್ಲ. ಹಣ ಹಾಕಿದವನಿಗೆ ಎದೆ ಹಿಡಿದುಕೊಳ್ಳುವಂಥದ್ದೇ. ಅಂಗಡಿಯವರೂ ಈ ಸಂಖ್ಯೆಯನ್ನೇ ಹೇಳಿ ಬಾಟಲಿ ಮಾರುತ್ತಾರೆ. ಅವರು ಹೇಳದೆ ಬಿಡುವುದು ಏನೆಂದರೆ, ಆ ನಷ್ಟ ಮರದ ದಪ್ಪದ ನಷ್ಟ, ಧಣಿಯ ಒಬ್ಬನ ನಷ್ಟ. ವಿಷ ಬಿಟ್ಟದ್ದರ ನಷ್ಟಕ್ಕೆ ಅಳತೆಪಟ್ಟಿ ಹಿಡಿದವರು ಯಾರು? ಅದು ನನ್ನ ಬಾವಿಯಲ್ಲಿ, ಪಕ್ಕದ ಮನೆಯ ದನದ ಹಾಲಿನಲ್ಲಿ, ತೋಡಿನ ಮೀನಿನಲ್ಲಿ ಹರಿದು ಹಂಚಿಹೋಗುತ್ತದೆ. ಲಾಭ ಒಂದು ಕಡೆ ಕೂತಿರುವುದರಿಂದ ಎಣಿಸಲು ಸುಲಭ, ನಷ್ಟ ಹತ್ತು ಮನೆಗೆ ಹಂಚಿಹೋಗುವುದರಿಂದ ಯಾರ ಪುಸ್ತಕದಲ್ಲೂ ಬರೆಯುವುದಿಲ್ಲ.

ಅದೂ ಹೋಗಲಿ, ವಿಷ ಬಿಟ್ಟರೆ ಕೆಲಸವಾದರೂ ಆಗುತ್ತದೆಯೇ? ಹಿರಿಯಡ್ಕದ ಜೂನ್ ತಿಂಗಳ ಮಳೆ ಎಂಥದ್ದು ಎಂದು ಬಾಟಲಿ ತಯಾರಿಸಿದವನಿಗೆ ಗೊತ್ತಿರಲಿಕ್ಕಿಲ್ಲ. ಮಧ್ಯಾಹ್ನ ಬಿಟ್ಟದ್ದು ಸಂಜೆಯ ಒಂದು ಹೊಡೆತಕ್ಕೆ ಗುಡ್ಡೆಯಿಂದ ತೋಡಿಗೆ, ತೋಡಿನಿಂದ ಸ್ವರ್ಣಾ ಹೊಳೆಗೆ. ಐವತ್ತು ಅಡಿ ಎತ್ತರದ ಮರದ ತುದಿಗೆ ಪೈಪು ಹಿಡಿದು ಹಾರಿಸಿದರೆ ಅರ್ಧಕ್ಕರ್ಧ ಹಾರಿಸಿದವನ ತಲೆಯ ಮೇಲೆಯೇ ಬೀಳುತ್ತದೆ. ಅದಕ್ಕೂ ಮಿಕ್ಕಿ, ಮರ ಬೋಳಾದದ್ದು ನಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ಹುಳ ತಿಂದು ಮುಗಿಸಿ ಗಂಟುಮೂಟೆ ಕಟ್ಟಿರುತ್ತದೆ. ನೆಂಟರು ಉಂಡು ಎದ್ದು ಹೋದ ಮೇಲೆ ಅಡಿಗೆಮನೆಗೆ ಬೀಗ ಹಾಕಿದ ಹಾಗಾಯಿತು ಇದು.

ಪೇಟೆಯಲ್ಲಿ ಕೂತು ಇದನ್ನು ಓದುವವರು "ಪಾಪ, ಹಳ್ಳಿಯವರ ಕಷ್ಟ" ಎಂದುಕೊಳ್ಳುವುದು ಬೇಡ. ನಮ್ಮೂರ ಪಕ್ಕದ ಬಜೆಯಲ್ಲಿ ಸ್ವರ್ಣೆಗೆ ಅಣೆಕಟ್ಟು ಕಟ್ಟಿದೆ. ಉಡುಪಿಯ, ಮಣಿಪಾಲದ ನಲ್ಲಿಗಳಿಗೆ ಎಷ್ಟೋ ವರ್ಷಗಳಿಂದ ನೀರು ಹೋದದ್ದು ಅಲ್ಲಿಂದ. ನಮ್ಮ ಗುಡ್ಡೆಯ ಮೇಲೆ ಬಿದ್ದದ್ದು ನಮ್ಮಲ್ಲೇ ನಿಲ್ಲುವುದಿಲ್ಲ. ನಾನಾದರೂ ಬಾವಿಗೆ ಟರ್ಪಾಲು ಹಾಕಬಹುದು. ಹೊಳೆಗೆ ಯಾರು ಹಾಕುತ್ತಾರೆ?

"ಬಾವಿ ಮುಚ್ಚಿ" ಎಂಬ ಮಾತನ್ನು ನಾನು ಮೊದಲು ಕೇಳಿದ್ದು ಹಿರಿಯಡ್ಕದಲ್ಲಲ್ಲ. ಕಾಸರಗೋಡಿನವರ ಬಾಯಲ್ಲಿ. ಅಲ್ಲಿ ಕೇರಳ ಸರಕಾರದ ಪ್ಲಾಂಟೇಶನ್ ಕಾರ್ಪೊರೇಶನ್ನಿಗೆ ಸಾವಿರಾರು ಎಕರೆ ಗೇರು ತೋಟ. ಗೇರಿನ ಎಳೆ ಚಿಗುರಿನ, ಹೂವಿನ ರಸ ಹೀರುವ ಒಂದು ಕೀಟ, ಟೀ ಸೊಳ್ಳೆ ಎನ್ನುತ್ತಾರೆ, ಅದನ್ನು ಕೊಲ್ಲುವ ನೆವದಲ್ಲಿ 1970ರ ದಶಕದ ಕೊನೆಯಿಂದ 2000ನೇ ಇಸವಿಯವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ತೋಟ ಗುಡ್ಡದ ಮೇಲೆ, ಮನೆಗಳು ತಗ್ಗಿನಲ್ಲಿ, ನೀರು ಸುರಂಗಗಳಲ್ಲಿ, ತೋಡುಗಳಲ್ಲಿ. ಹೆಲಿಕಾಪ್ಟರ್ ಬರುವ ದಿನ ಬಾವಿ ಮುಚ್ಚಿ, ದನ ಕಟ್ಟಿ ಎಂದು ಹೇಳಿ ಹೋಗುತ್ತಿದ್ದರು. ಮಕ್ಕಳು ಹೆಲಿಕಾಪ್ಟರ್ ನೋಡಲು ಅಂಗಳಕ್ಕೆ ಓಡುತ್ತಿದ್ದರು. ಓಡದೆ ಇರುತ್ತವೆಯೇ ಮಕ್ಕಳು?

ಎಣ್ಮಕಜೆ ಪಂಚಾಯತಿನ ಪಡ್ರೆ ಗ್ರಾಮ ನಮ್ಮವರದೇ ಊರು. ಕನ್ನಡ, ತುಳು ಮಾತಾಡುವವರು, ನಮ್ಮ ಹಾಗೆಯೇ ಗಟ್ಟಿ, ಪತ್ರೊಡೆ ಮಾಡುವವರು. ಅಲ್ಲಿ 1979ರಲ್ಲಿ ಕಾಲು ತಿರುಚಿಕೊಂಡ ಕರುಗಳು ಹುಟ್ಟಿದ್ದನ್ನು ಪತ್ರಕರ್ತ ಶ್ರೀಪಡ್ರೆ ಗಮನಿಸಿದರು, ಎರಡು ವರ್ಷದ ಬಳಿಕ ಅದನ್ನು ಬರೆದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ, ಕರು ತಾನೇ. ಆಮೇಲೆ ಮಕ್ಕಳು. ಬೆಳೆಯದ ಮಕ್ಕಳು, ತಲೆ ಮಾತ್ರ ಬೆಳೆದ ಮಕ್ಕಳು, ಹತ್ತು ವರ್ಷವಾದರೂ ಅಮ್ಮನ ಸೊಂಟದಿಂದ ಇಳಿಯದ ಮಕ್ಕಳು. ಆ ಹಳ್ಳಿಯ ವೈದ್ಯ ಡಾ. ವೈ.ಎಸ್. ಮೋಹನ್ ಕುಮಾರ್ ಒಂದೇ ತೋಡಿನ ಬದಿಯ ಮನೆಗಳಲ್ಲಿ ಇಷ್ಟೊಂದು ಕಾಯಿಲೆ ಯಾಕೆ ಎಂದು ಕೇಳತೊಡಗಿದರು. ಕೃಷಿ ಇಲಾಖೆಯಲ್ಲೇ ಕೆಲಸದಲ್ಲಿದ್ದ ಲೀಲಾಕುಮಾರಿ ಅಮ್ಮ ಎಂಬ ಹೆಂಗಸು 1998ರಲ್ಲಿ ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಹೆಂಗಸರೇ, ಈ ಹೆಸರನ್ನು ನೆನಪಿಟ್ಟುಕೊಳ್ಳಿ. ದೊಡ್ಡ ಸಂಘ ಅವರ ಬೆನ್ನಿಗಿರಲಿಲ್ಲ, ಮನೆಯ ಪಕ್ಕದ ತೋಟದಲ್ಲಿ ಹೆಲಿಕಾಪ್ಟರ್ ಹಾರುತ್ತಿತ್ತು, ಅಷ್ಟೆ. 2000ನೇ ಇಸವಿಯಲ್ಲಿ ಮುನ್ಸಿಫ್ ನ್ಯಾಯಾಲಯ ಆಕಾಶದಿಂದ ಸಿಂಪಡಿಸುವುದನ್ನು ತಡೆಯಿತು. ದೇಶದ ಸುಪ್ರೀಂ ಕೋರ್ಟು ಎಂಡೋಸಲ್ಫಾನನ್ನೇ ತಡೆಹಿಡಿಯಲು 2011ರ ಮೇ ತಿಂಗಳು ಬರಬೇಕಾಯಿತು. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಅದೇ ಕೋರ್ಟು ಕೇರಳ ಸರಕಾರಕ್ಕೆ ಆದೇಶಿಸಿದ್ದು 2017ರ ಜನವರಿಯಲ್ಲಿ. ಮೊದಲ ಕರುವಿನಿಂದ ಲೆಕ್ಕ ಹಾಕಿದರೆ ಮೂವತ್ತೆಂಟು ವರ್ಷ.

ಗಡಿಯ ಆಚೆ ಎಂದು ಸಮಾಧಾನಪಟ್ಟುಕೊಳ್ಳಬೇಡಿ. ನಮ್ಮ ಜಿಲ್ಲೆಯ ಬಗಲಲ್ಲೇ, ಬೆಳ್ತಂಗಡಿ ಕಡೆಯ ಕೊಕ್ಕಡ, ನಿಡ್ಲೆ, ಪಟ್ರಮೆಗಳಲ್ಲಿ ನಮ್ಮದೇ ಕರ್ನಾಟಕದ ಗೇರು ಅಭಿವೃದ್ಧಿ ನಿಗಮದ ತೋಟಗಳ ಮೇಲೂ ಹೆಲಿಕಾಪ್ಟರ್ ಇದನ್ನೇ ಸುರಿಯಿತು. ಅಲ್ಲಿನ ತಾಯಂದಿರು ಈಗ ಮುದುಕಿಯರಾಗಿದ್ದಾರೆ, ಮಕ್ಕಳು ಹಾಗೆಯೇ ಇದ್ದಾರೆ. ಅವರ ಮನಸ್ಸಿನಲ್ಲಿರುವುದು ಒಂದೇ ಪ್ರಶ್ನೆ, ತನ್ನ ನಂತರ ಇವನ ಗತಿಯೇನು. ಪರಿಹಾರದ ಪಟ್ಟಿಯಲ್ಲಿ ಆ ಪ್ರಶ್ನೆಗೆ ಕಲಮು ಇಲ್ಲ.

ಎಂಡೋಸಲ್ಫಾನೇ ಕಾರಣ ಎಂದು ಪೂರ್ತಿ ಸಾಬೀತಾಗಿಲ್ಲ ಎಂದು ವಾದಿಸುವ ಬುದ್ಧಿವಂತರು ಇಂದಿಗೂ ಇದ್ದಾರೆ. ಅವರಿಗೆ ನನ್ನದೊಂದು ಮಾತು. ಸಾಬೀತು ಮಾಡುವ ಹೊಣೆ ಸುರಿದವರದ್ದೋ, ತಲೆಯ ಮೇಲೆ ಸುರಿಸಿಕೊಂಡವರದ್ದೋ? ಹೊಸ ಸೊಸೆ ಮಾಡಿದ ಸಾರಿಗೆ ಉಪ್ಪು ಹೆಚ್ಚಾಯಿತೇ ಎಂದು ನೂರು ಸಲ ನೆಕ್ಕಿ ನೋಡುವ ನಮ್ಮ ಸಮಾಜ, ಇಪ್ಪತ್ತು ವರ್ಷ ಆಕಾಶದಿಂದ ಸುರಿದದ್ದನ್ನು ಒಮ್ಮೆಯೂ ಪರೀಕ್ಷೆ ಮಾಡಿ ಎನ್ನಲಿಲ್ಲ.

ಇದು ನಮ್ಮ ಬಡ ದೇಶದ ತಿಳಿಗೇಡಿತನ ಎಂದೂ ಹೇಳುವ ಹಾಗಿಲ್ಲ. ಕೆನಡಾದ ನ್ಯೂ ಬ್ರನ್ಸ್‌ವಿಕ್ ಪ್ರಾಂತ್ಯದಲ್ಲಿ ಮೈಲುಗಟ್ಟಲೆ ಸೂಜಿಯೆಲೆಯ ಕಾಡು. ನಮ್ಮ ಹಿಮಾಲಯದ ದೇವದಾರುವಿನ ದೂರದ ನೆಂಟರಾದ ಫರ್, ಸ್ಪ್ರೂಸ್ ಮರಗಳು. ಕಾಗದದ ಗಿರಣಿಗಳಿಗೆ ಅವೇ ಆಹಾರ. ಆ ಮರಗಳ ಮೊಗ್ಗು, ಎಳೆ ಸೂಜಿಗಳನ್ನು ತಿನ್ನುವ ಒಂದು ಹುಳ ಕೆಲವು ದಶಕಗಳಿಗೊಮ್ಮೆ ಲೆಕ್ಕವಿಲ್ಲದಷ್ಟು ಏಳುತ್ತದೆ, ತಾನಾಗಿ ಇಳಿಯುತ್ತದೆ. 1952ರಿಂದ ವಿಮಾನಗಳು ಅದರ ಮೇಲೆ ಡಿಡಿಟಿ ಸುರಿದವು. 1954ರಲ್ಲಿ ಮಿರಮಿಶಿ ಎಂಬ ಹೊಳೆಯಲ್ಲಿ ಸಾಲ್ಮನ್ ಮೀನಿನ ಮರಿಗಳು ರಾಶಿರಾಶಿಯಾಗಿ ಸತ್ತವು. ಅವು ತಿನ್ನುತ್ತಿದ್ದ ನೀರಿನ ಹುಳುಹುಪ್ಪಟೆಯೂ ಸತ್ತವು. ರೇಚಲ್ ಕಾರ್ಸನ್ ಎಂಬಾಕೆ 1962ರಲ್ಲಿ ತನ್ನ ಪುಸ್ತಕದಲ್ಲಿ ಆ ಹೊಳೆಯ ಸಾವನ್ನು ಬರೆದಾಗ ಅವಳನ್ನು ಅಳುಮುಂಜಿ, ಮದುವೆಯಾಗದ ಹೆಂಗಸು ಎಂದೆಲ್ಲ ಜರೆದರು. ಕೆನಡಾದವರು ಡಿಡಿಟಿ ಬಿಟ್ಟು ಬೇರೆ ವಿಷ ಹಿಡಿದರು, ಸುರಿಯುವುದನ್ನು ಮಾತ್ರ ಬಿಡಲಿಲ್ಲ. ಇಷ್ಟೆಲ್ಲ ಸುರಿದ ಮೇಲೂ 1970ರ ದಶಕದಲ್ಲಿ ಹುಳ ಮತ್ತೆ ಕಾಡು ತುಂಬ ಎದ್ದಿತು. ಹುಳಕ್ಕೆ ಹೊಟ್ಟೆ ತುಂಬ ಊಟ ಬಡಿಸಿದವರು ಯಾರು? ಬೇರೆ ಮರಗಳನ್ನು ಬದಿಗೊತ್ತಿ, ಗಿರಣಿಗೆ ಬೇಕಾದ ಜಾತಿಯನ್ನೇ ಓಲೈಸಿಕೊಂಡು ಬಂದ ನಾವೇ, ಮನುಷ್ಯರು.

ನಮ್ಮ ಹಿತ್ತಿಲಿನಾಚೆಯ ತೋಪಿನದ್ದೂ ಅದೇ ಕತೆ. ನಾನು ಮದುವೆಯಾಗಿ ಬಂದಾಗ ಅದು ಹಾಡಿ. ಕಿರಾಲುಬೋಗಿ, ಮರುವ, ಹೆಬ್ಬಲಸು, ನೇರಳೆ, ಉಪ್ಪಳಿಗೆ, ನಡುನಡುವೆ ಕುಂಟಾಲ, ಕೇಪಳದ ಪೊದೆ. ಹುಳ ಆಗಲೂ ಇದ್ದವು, ಯಾರ ಗಮನಕ್ಕೂ ಬರುತ್ತಿರಲಿಲ್ಲ. ಒಂದು ಮರದ ಎಲೆ ತಿನ್ನುವ ಹುಳಕ್ಕೆ ಅದೇ ಜಾತಿಯ ಇನ್ನೊಂದು ಮರ ಸಿಗಬೇಕಾದರೆ ಹತ್ತು ಬೇರೆ ಮರ ದಾಟಬೇಕಿತ್ತು, ದಾರಿಯಲ್ಲಿ ಮಡಿವಾಳ ಹಕ್ಕಿ, ಕಾಜಾಣ, ಚಗಳಿ ಕಾದುಕೊಂಡಿರುತ್ತಿದ್ದವು. 1990ರ ದಶಕದಲ್ಲಿ ಸಾಗುವಾನಿಯ ಹುಚ್ಚು ಹಿಡಿಯಿತು. ಪೇಪರಿನ ತುಂಬ ಜಾಹೀರಾತು, ಇಂದು ಒಂದು ಸಾವಿರ ಹಾಕಿ, ಇಪ್ಪತ್ತು ವರ್ಷಕ್ಕೆ ಲಕ್ಷ ಎಣಿಸಿ ಎಂದು. ಮಗಳ ಮದುವೆಗೆ ಆದೀತೆಂದು ಬಳೆ ಅಡವಿಟ್ಟು ಹಾಕಿದ ಹೆಂಗಸರು ನನಗೆ ಗೊತ್ತು. ಆ ಕಂಪೆನಿಗಳಲ್ಲಿ ದೊಡ್ಡದೊಂದು 1998ರಲ್ಲಿ ಬಾಗಿಲು ಹಾಕಿತು, ಹಲವು ಹಾಗೆಯೇ ಮಾಯವಾದವು. ಅದೇ ಗಾಳಿಯಲ್ಲಿ ನಮ್ಮ ಧಣಿಗಳೂ ಹಾಡಿ ಬೋಳಿಸಿ, ಗೆರೆ ಎಳೆದ ಹಾಗೆ ಸಾಗುವಾನಿ ಕಂತಿಸಿದರು. ನೂರು ತಟ್ಟೆಯಲ್ಲಿ ಒಂದೇ ತಿಂಡಿ ಬಡಿಸಿಟ್ಟು, ಅದನ್ನು ಇಷ್ಟಪಡುವವನು ಬಂದಾಗ ಕಳ್ಳ ಬಂದ ಎಂದು ಬೊಬ್ಬೆ ಹಾಕಿದರೆ ಹೇಗೆ?

ಇದರ ಇನ್ನೊಂದು ತುದಿ ನೋಡಬೇಕಾದರೆ ನಮ್ಮ ಗುಡ್ಡೆಗಳ ಅಕೇಶಿಯಾ ನೆಡುತೋಪಿಗೆ ಹೋಗಿ. ಹುಳ ಮುಟ್ಟುವುದು ಅಪರೂಪ. ದನವೂ ಮೂಸುವುದಿಲ್ಲ. ಅಡಿಯಲ್ಲಿ ಹುಲ್ಲು ಕಷ್ಟದಿಂದ ಏಳುತ್ತದೆ, ಮೇಲೆ ಹಕ್ಕಿ ಕೂಗುವುದು ಕಡಿಮೆ. ಅಲ್ಲಿ ಒಂದು ಗಳಿಗೆ ನಿಂತರೆ ಗೊತ್ತಾಗುತ್ತದೆ. ಯಾರೂ ಎಲೆ ತಿನ್ನದ ಕಾಡು ಎಂದರೆ ಯಾರೂ ಊಟಕ್ಕೆ ಕೂರದ ಮದುವೆಮನೆ.

ಹಾಗಾದರೆ ಏನೂ ಮಾಡದೆ ಕೂರಬೇಕೇ ಎಂದರೆ, ಅದೂ ಒಂದು ಉಪಾಯವೇ. ಮೂರು ವಾರ ಸುಮ್ಮನೆ ಕೂರುವುದು ನಮ್ಮ ಗಂಡಸರಿಗೆ ಬಹಳ ಕಷ್ಟ, ಏನಾದರೂ ಬಿಡಲೇಬೇಕು ಅವರಿಗೆ. ಏನಾದರೂ ಮಾಡಲೇಬೇಕೆಂದರೆ ಪೀಚಿಯ ಆ ವಿಜ್ಞಾನಿಗಳೇ ದಾರಿ ತೋರಿಸಿದ್ದಾರೆ. ಈ ಹುಳಗಳಿಗೂ ಒಂದು ಸಾಂಕ್ರಾಮಿಕ ಕಾಯಿಲೆ ಬರುತ್ತದೆ. ಒಂದು ವೈರಸ್ ತಗಲಿದ ಹುಳ ತಲೆಕೆಳಗಾಗಿ ನೇತುಬಿದ್ದು ನೀರಾಗಿ ಕರಗುತ್ತದೆ. ನಿಲಂಬೂರಿನಲ್ಲಿ ಸತ್ತ ಹುಳಗಳಿಂದಲೇ ಆ ವೈರಸ್ಸನ್ನು ಹೆಕ್ಕಿ, ಬೆಳೆಸಿ, ಮರಗಳ ಮೇಲೆ ಚಿಮುಕಿಸಿ ನೋಡಿ, ಹುಳ ಹತೋಟಿಗೆ ಬರುತ್ತದೆ ಎಂದು ತೋರಿಸಿದರು. ಅದು ಈ ಹುಳಕ್ಕೆ ಹೊಂದಿಕೊಂಡ ಕಾಯಿಲೆ, ಬಾವಿಗೆ ಬಿದ್ದರೂ ನನ್ನನ್ನಾಗಲಿ ನನ್ನ ದನವನ್ನಾಗಲಿ ಏನೂ ಮಾಡದು. ಗೇರಿನ ಟೀ ಸೊಳ್ಳೆಯನ್ನು ಹಿಡಿದು ತಿನ್ನಲು ನಮ್ಮ ಕೆಂಪು ಚಗಳಿ ಇದೆ. ಚಗಳಿ ಗೂಡು ಕಟ್ಟಿದ ಗೇರು ಮರದಲ್ಲಿ ಸೊಳ್ಳೆಯ ಕಾಟ ಕಡಿಮೆ ಎನ್ನುವುದು ಪರೀಕ್ಷೆಗಳಲ್ಲೂ ಕಂಡ ಸಂಗತಿ. ಗೇರುಬೀಜ ಕೊಯ್ಯುವಾಗ ಕಚ್ಚುತ್ತದೆ, ಹೌದು. ಕಚ್ಚಿದ ಉರಿ ಅರ್ಧ ಗಂಟೆಯದ್ದು. ಇಂಡೋನೇಷ್ಯಾದ ಜಾವಾದಲ್ಲಂತೂ ಹೆಂಗಸರು ಮಳೆ ಶುರುವಾದಾಗ ಸಾಗುವಾನಿಯಡಿ ಕೋಶಗಳನ್ನು ಹೆಕ್ಕಿ ತಂದು ಹುರಿದು ಉಣ್ಣುತ್ತಾರೆ, ಸಂತೆಯಲ್ಲಿ ಮಾರುತ್ತಾರೆ. ನಮಗೆ ಹೇಳಿದರೆ ವಾಕರಿಕೆ. ಆದರೆ ವಿಷ ಬಿಟ್ಟ ಬಸಳೆಯನ್ನು ನಾವು ಚಪ್ಪರಿಸಿ ತಿನ್ನುತ್ತೇವೆ, ಅದಕ್ಕೆ ವಾಕರಿಕೆ ಇಲ್ಲ.

ಈಗ ಆ ಬಾಟಲಿಯ ವಿಷಯ. ಮರುದಿನ ಬೆಳಿಗ್ಗೆ ನಾನೇ ಆ ಹುಡುಗನ ಶೆಡ್ಡಿಗೆ ಹೋಗಿ ಬಾಟಲಿ ತೋರಿಸು ಎಂದೆ. ನಮ್ಮ ದೇಶದ ಕಾನೂನಿನಲ್ಲಿ ಪ್ರತಿಯೊಂದು ಕೀಟನಾಶಕದ ಚೀಟಿಯ ಮೇಲೂ ವಜ್ರದ ಆಕಾರದ ಒಂದು ಗುರುತಿರಬೇಕು, ಅದರ ಕೆಳಗಿನ ಅರ್ಧಕ್ಕೆ ಬಣ್ಣ. ಕೆಂಪು ಎಂದರೆ ಅತಿ ಘೋರ, ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ಓದು ಬಾರದವರಿಗೂ ತಿಳಿಯಲಿ ಎಂದು ಮಾಡಿದ ಏರ್ಪಾಟು. ಆ ಬಾಟಲಿಯದ್ದು ಕೆಂಪು. ಹುಡುಗ ಅದನ್ನು ನೋಡಿಯೂ ನೋಡಿರಲಿಲ್ಲ. ಪಕ್ಕದಲ್ಲೇ ಹೋದ ವರ್ಷದ ಖಾಲಿ ಕ್ಯಾನು, ತೊಳೆದು ಸೀಮೆಎಣ್ಣೆ ತುಂಬಿಸಿ ಇಟ್ಟಿದ್ದ. ನನ್ನ ಕೈಕಾಲು ತಣ್ಣಗಾಯಿತು. 2013ರ ಜುಲೈಯಲ್ಲಿ ಬಿಹಾರದ ಒಂದು ಶಾಲೆಯಲ್ಲಿ ಮಧ್ಯಾಹ್ನದ ಊಟ ಮಾಡಿ 23 ಮಕ್ಕಳು ಸತ್ತರು. ಅಡಿಗೆಯ ಎಣ್ಣೆಯಲ್ಲಿ ಮೊನೊಕ್ರೊಟೊಫಾಸ್ ಎಂಬ ಕೀಟನಾಶಕ ಸೇರಿತ್ತು. ಎಣ್ಣೆಯನ್ನು ಇಟ್ಟದ್ದು ಅಂಥದೇ ಖಾಲಿ ಡಬ್ಬದಲ್ಲಿ ಎಂದು ಆಗ ಪತ್ರಿಕೆಗಳು ಬರೆದವು. ಆ ಅಡಿಗೆಯವಳ ಮಕ್ಕಳೂ ಅದನ್ನೇ ಉಂಡಿದ್ದರು. ಅವಳಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ ಹಾಗೆ ಇಟ್ಟವರು ಬೇರೆಯವರು, ಒಲೆಯ ಮುಂದೆ ಕೂತವಳು ಹೆಂಗಸು.

ಅದಕ್ಕೇ ನಾನು ಇದನ್ನು ಹೆಂಗಸರ ಮುಂದೆ ಹೇಳುತ್ತಿರುವುದು. ಯಾವ ಮರಕ್ಕೆ ಏನು ಬಿಡಬೇಕೆಂದು ತೀರ್ಮಾನ ಮಾಡುವಾಗ ನಮ್ಮನ್ನು ಯಾರೂ ಕೇಳುವುದಿಲ್ಲ. ಬಿಟ್ಟವನ ಅಂಗಿ ಒಗೆಯುವವರು ನಾವು, ಬಾವಿಯಿಂದ ನೀರು ಸೇದುವವರು ನಾವು, ಹಾಲು ಕರೆದು ಮಗುವಿಗೆ ಕುಡಿಸುವವರು ನಾವು. ಬಾಟಲಿಯ ಬಣ್ಣ ನೋಡುವ ಅಧಿಕಾರವನ್ನಾದರೂ ನಾವೇ ತೆಗೆದುಕೊಳ್ಳಬೇಕು. ಸೀರೆಯ ಸೆರಗಿನ ಬಣ್ಣ ಹತ್ತು ಅಂಗಡಿ ಸುತ್ತಿ ಹೊಂದಿಸುವ ನಮಗೆ ಇದೇನು ಕಷ್ಟವೇ?

ಹುಡುಗನಿಂದ ಧಣಿಗಳ ನಂಬರು ಪಡೆದು ಮುಂಬಯಿಗೆ ಫೋನು ಮಾಡಿದೆ. "ಏನಮ್ಮ, ನಮ್ಮ ಮರ, ನಮ್ಮ ಜಾಗ" ಎಂದರು. "ಮರ ನಿಮ್ಮದು ಸರಿ, ಮಳೆನೀರು ಯಾರದ್ದು?" ಎಂದೆ. ಒಂದಿಷ್ಟು ಏರುದನಿಯಾಯಿತು. ಶೇಕಡಾ 44ರ ಲೆಕ್ಕ ಅವರಿಗೂ ಯಾರೋ ಹೇಳಿದ್ದರು. ನಾನು ಹುಳ ಇಳಿದು ಹೋಗುತ್ತಿದೆ, ಈಗ ಬಿಟ್ಟರೆ ದುಡ್ಡು ಮಣ್ಣಿಗೆ ಎಂದು ಅವರ ಭಾಷೆಯಲ್ಲೇ ಹೇಳಿದೆ. ಕೊನೆಗೆ ಅವರ ಹೆಂಡತಿ ಫೋನು ತೆಗೆದುಕೊಂಡರು. ಅವರ ತವರು ಪೆರ್ಲದ ಹತ್ತಿರವಂತೆ, ಎಣ್ಮಕಜೆಯಿಂದ ದೂರವಲ್ಲ. ಹೆಚ್ಚೇನೂ ಮಾತಾಡಲಿಲ್ಲ. "ಬಾವಿ ಮುಚ್ಚಲಿಕ್ಕೆ ಹೇಳಿದ್ರಾ ಅಕ್ಕ?" ಎಂದು ಒಂದೇ ಮಾತು ಕೇಳಿದರು. ಹೌದೆಂದೆ. "ಈ ಸಲ ಬೇಡ ಅಂತ ಹೇಳ್ತೇನೆ" ಎಂದರು.

ಈ ಸಲ ಎಂದರೆ ಈ ಸಲ ಮಾತ್ರ. ಮುಂದಿನ ಮಳೆಗಾಲಕ್ಕೆ ಅಂಗಡಿಯವರು ಮತ್ತೆ ಬರುತ್ತಾರೆ, ನಾನೂ ಫೋನು ಮಾಡುತ್ತೇನೆ. ಆ ಕೆಂಪು ಗುರುತಿನ ಬಾಟಲಿಯನ್ನು ಹುಡುಗ ಅಂಗಡಿಗೆ ಹಿಂದಕ್ಕೆ ಕೊಟ್ಟನೋ, ಇನ್ನೊಬ್ಬರ ತೋಟಕ್ಕೆ ಮಾರಿದನೋ ವಿಚಾರಿಸಿದರೆ ಸರಿಯಾಗಿ ಹೇಳಲಿಲ್ಲ. ಸೀಮೆಎಣ್ಣೆಯ ಕ್ಯಾನನ್ನು ಮಾತ್ರ ನನ್ನ ಕಣ್ಣೆದುರೇ ತೂತು ಮಾಡಿಸಿದೆ.

ಆಟಿ ಹುಟ್ಟುವ ಹೊತ್ತಿಗೆ ತೋಪಿನ ತುಂಬ ಹೊಸ ಎಲೆ, ಅಂಗೈ ಎರಡು ಜೋಡಿಸಿದಷ್ಟು ಅಗಲ. ಅಷ್ಟರಲ್ಲಿ ಹಲಸಿನ ಹಣ್ಣು ಮುಗಿದಿತ್ತು. ಸೌತೆಕಾಯಿ ತುರಿದು ಗಟ್ಟಿ ಮಾಡಿದೆ. ಹುಡುಗನಿಗೂ ನಾಲ್ಕು ಕೊಟ್ಟು ಕಳಿಸಿದೆ.